ಸುಂಕದ ಕಟ್ಟೆ ತೆರೆಸಿದ ಗಡಿನಾಡಿನ ವಕೀಲ ರಾಬರ್ಟ್ ಶೂಮನ್

ಫ್ರಾನ್ಸ್, ಜರ್ಮನಿ ಹಾಗೂ ಲಕ್ಸೆಂಬರ್ಗ್ ದೇಶಗಳು ಮೋಸೆಲ್ ನದಿಯ ದಡದಲ್ಲಿ ಒಂದೇ ಕಡೆ ಸೇರುತ್ತವೆ. ಅಲ್ಲಿನ ನಿವಾಸಿಗಳು ಪೇಟೆ ಮಾಡುವ ರೀತಿ ಹೊರಗಿನವರಿಗೆ ಸೋಜಿಗವೆನಿಸುತ್ತದೆ. ಕಾರಿಗೆ ಪೆಟ್ರೋಲ್, ಮನೆಗೆ ಕಾಫಿ ಪುಡಿ, ಸೇದುವವರಿಗೆ ಸಿಗರೇಟು ಲಕ್ಸೆಂಬರ್ಗಿನಲ್ಲಿ. ಸಾಬೂನು, ಶಾಂಪೂ, ಮಗುವಿನ ಡಯಾಪರ್ ಜರ್ಮನಿಯಲ್ಲಿ. ಚೀಸು, ಮೀನು, ಹೊಸದಾಗಿ ಸುಟ್ಟ ಬ್ರೆಡ್ಡು ಫ್ರಾನ್ಸಿನಲ್ಲಿ. ಒಂದೇ ಶನಿವಾರ ಮೂರು ದೇಶಗಳ ಅಂಗಡಿಗಳನ್ನು ಸುತ್ತಿ, ಒಂದೇ ನಾಣ್ಯದಲ್ಲಿ ಹಣ ತೆತ್ತು, ಸುಂಕ ಕಟ್ಟದೆ ಮನೆಗೆ ಮರಳುವುದು ಅಲ್ಲಿ ವಿಶೇಷವೇ ಅಲ್ಲ.

ಈ ಅನುಕೂಲದ ಹಿಂದೆ, 1963ರಲ್ಲಿ ನಿಧನರಾದ ಓರ್ವ ಅವಿವಾಹಿತ, ಮಿತವ್ಯಯಿ ವಕೀಲರ ಬದುಕಿದೆ. ಅವರೇ ರಾಬರ್ಟ್ ಶೂಮನ್. ಫ್ರಾನ್ಸಿನ ಪ್ರಧಾನಿಯೂ ವಿದೇಶಾಂಗ ಸಚಿವರೂ ಆಗಿದ್ದ ಅವರನ್ನು ಐರೋಪ್ಯ ಒಕ್ಕೂಟದ ಪಿತಾಮಹರಲ್ಲಿ ಒಬ್ಬರೆಂದು ಇತಿಹಾಸ ಗುರುತಿಸಿದೆ. ಆದರೆ ಅವರು ಮೊದಲಿಗೆ ಗಡಿನಾಡಿನ ಮನುಷ್ಯ. ಸುಂಕದ ಗೆರೆ ಸರಿದಾಗಲೆಲ್ಲ ಜನರ ಚೀಲದೊಳಗಿನ ಪದಾರ್ಥವೂ ಅದರ ಬೆಲೆಯೂ ಬದಲಾಗುವುದನ್ನು ತಮ್ಮ ಆಯುಷ್ಯದುದ್ದಕ್ಕೂ ಕಂಡವರು.

ಸುಂಕವಿಲ್ಲದ ಗಡಿಯ ಬಾಲ್ಯ

ಶೂಮನ್ 1886ರ ಜೂನ್ 29ರಂದು ಲಕ್ಸೆಂಬರ್ಗ್ ನಗರದ ಕ್ಲೌಸೆನ್ ಬಡಾವಣೆಯಲ್ಲಿ ಜನಿಸಿದರು. ತಂದೆ ಜೀನ್ ಪಿಯೆರ್ ಶೂಮನ್ ಅವರ ಊರು ಎವ್ರಾಂಜ್. ಲಕ್ಸೆಂಬರ್ಗ್ ಗಡಿಗೆ ಅಂಟಿಕೊಂಡಂತಿರುವ, ಲೊರೇನ್ ಪ್ರಾಂತದ ಸಣ್ಣ ಹಳ್ಳಿ ಅದು. ತಂದೆ ಹುಟ್ಟುವಾಗ ಅದು ಫ್ರಾನ್ಸಿನಲ್ಲಿತ್ತು. 1870-71ರ ಯುದ್ಧದಲ್ಲಿ ಫ್ರಾನ್ಸ್ ಸೋತ ಬಳಿಕ ಅಲ್ಸಾಸ್ ಪ್ರಾಂತವೂ ಲೊರೇನಿನ ಒಂದು ಭಾಗವೂ ಜರ್ಮನಿಯ ಪಾಲಾದವು. ಹೀಗಾಗಿ ಮನೆ ಬದಲಿಸದೆಯೇ ಆ ಊರಿನವರ ದೇಶ ಬದಲಾಯಿತು. ತಾಯಿ ಯೂಜೆನಿ ಡ್ಯೂರೆನ್ ಲಕ್ಸೆಂಬರ್ಗಿನವರು. ತಂದೆಯ ಕಡೆಯಿಂದ ಬಾಲಕ ರಾಬರ್ಟ್ ಜರ್ಮನ್ ಪ್ರಜೆಯಾದ. ಮನೆಯಲ್ಲಿ ಲಕ್ಸೆಂಬರ್ಗಿಶ್ ಮಾತು, ಶಾಲೆಯಲ್ಲಿ ಜರ್ಮನ್ ಮತ್ತು ಫ್ರೆಂಚ್.

ಇಲ್ಲಿ ಓದುಗರು ಗಮನಿಸಬೇಕಾದ ಒಂದು ಸಂಗತಿಯಿದೆ. ಲಕ್ಸೆಂಬರ್ಗ್ ಸ್ವತಂತ್ರ ರಾಷ್ಟ್ರವಾಗಿದ್ದರೂ 1842ರಿಂದಲೇ ಜರ್ಮನ್ ಸುಂಕ ಒಕ್ಕೂಟದ ಸದಸ್ಯನಾಗಿತ್ತು. ಆದುದರಿಂದ ಶೂಮನ್ ಅವರ ಬಾಲ್ಯದಲ್ಲಿ ಲಕ್ಸೆಂಬರ್ಗಿಗೂ ಆಗಿನ ಜರ್ಮನ್ ಲೊರೇನಿಗೂ ನಡುವೆ ರಾಜ್ಯದ ಗಡಿ ಇತ್ತೇ ಹೊರತು ಸುಂಕದ ಗಡಿ ಇರಲಿಲ್ಲ. ತಂದೆಯ ಊರಿಗೆ ಹೋಗುವಾಗ ಸರಕಿಗೆ ಸುಂಕ ತೆರಬೇಕಾಗಿರಲಿಲ್ಲ. ಜರ್ಮನ್ ಮಾರ್ಕ್ ಲಕ್ಸೆಂಬರ್ಗಿನಲ್ಲೂ ಸಲ್ಲುತ್ತಿತ್ತು. ಸುಂಕದ ನಿಜವಾದ ಗೆರೆ ಇದ್ದದ್ದು ಪಶ್ಚಿಮಕ್ಕೆ, ಒಡೆದುಹೋದ ಲೊರೇನಿನ ಎರಡು ಭಾಗಗಳ ನಡುವೆ. ಮೆಟ್ಜ್ ನಗರದಿಂದ ನಾನ್ಸಿ ನಗರಕ್ಕೆ ಹೋಗುವ ರೈಲು ನೊವೆಯಾನ್ ಮತ್ತು ಪಾನ್ಯಿ ಎಂಬ ಗಡಿ ನಿಲ್ದಾಣಗಳನ್ನು ದಾಟಿಯೇ ಮುಂದುವರಿಯಬೇಕಿತ್ತು. ತಲೆಮಾರುಗಳಿಂದ ಒಂದೇ ಪೇಟೆಗೆ ಹೋಗುತ್ತಿದ್ದ ಒಂದೇ ಪ್ರಾಂತದ ಜನ ಪರಸ್ಪರ ಪರದೇಶಿಗಳಾಗಿದ್ದರು.

1900ರಲ್ಲಿ ತಂದೆ ತೀರಿಕೊಂಡರು. ಮುಂದಿನ ವಿದ್ಯಾಭ್ಯಾಸಕ್ಕಾಗಿ ಶೂಮನ್ ಜರ್ಮನ್ ಶಾಲಾಂತ್ಯ ಪರೀಕ್ಷೆಯನ್ನು ಮೆಟ್ಜ್‌ನಲ್ಲಿ ಮುಗಿಸಿ ಬಾನ್, ಮ್ಯೂನಿಕ್, ಬರ್ಲಿನ್ ಹಾಗೂ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯಗಳಲ್ಲಿ ಕಾನೂನು ವ್ಯಾಸಂಗ ಮಾಡಿದರು. 1911ರಲ್ಲಿ ತಾಯಿ ಕುದುರೆಗಾಡಿ ಅಪಘಾತದಲ್ಲಿ ಅಸುನೀಗಿದರು. ಒಬ್ಬನೇ ಮಗನಾಗಿದ್ದ ಶೂಮನ್ ಈ ಆಘಾತದಿಂದ ಕಂಗೆಟ್ಟು ಸನ್ಯಾಸ ದೀಕ್ಷೆಯ ಬಗೆಗೂ ಆಲೋಚಿಸಿದ್ದುಂಟು. ಕೊನೆಗೆ ಲೌಕಿಕದಲ್ಲೇ ಇದ್ದು ಸೇವೆ ಸಲ್ಲಿಸಲು ನಿರ್ಧರಿಸಿ 1912ರಲ್ಲಿ ಮೆಟ್ಜ್‌ನಲ್ಲಿ ವಕೀಲಿ ಕಚೇರಿ ತೆರೆದರು.

ಗೆರೆ ಸರಿಯಿತು, ಜನ ಸರಿಯಲಿಲ್ಲ

ಮೊದಲ ಮಹಾಯುದ್ಧದಲ್ಲಿ ಅನಾರೋಗ್ಯದ ಕಾರಣ ಅವರನ್ನು ರಣರಂಗಕ್ಕೆ ಕಳುಹಿಸಲಿಲ್ಲ. ಜರ್ಮನ್ ಆಡಳಿತದ ಕಚೇರಿ ಕೆಲಸಕ್ಕೆ ನೇಮಿಸಲಾಯಿತು. 1918ರಲ್ಲಿ ಜರ್ಮನಿ ಸೋತಾಗ ಲೊರೇನ್ ಫ್ರಾನ್ಸಿಗೆ ಮರಳಿತು. ಮೂವತ್ತೆರಡನೆಯ ವಯಸ್ಸಿನಲ್ಲಿ ಶೂಮನ್ ಫ್ರೆಂಚ್ ಪ್ರಜೆಯಾದರು. 1919ರ ಚುನಾವಣೆಯಲ್ಲಿ ಮೋಸೆಲ್ ಜಿಲ್ಲೆಯಿಂದ ಫ್ರೆಂಚ್ ಸಂಸತ್ತಿಗೆ ಆಯ್ಕೆಯಾದರು.

ಅದೇ ಹೊತ್ತಿಗೆ ಸುಂಕದ ನಕಾಶೆ ತಲೆಕೆಳಗಾಯಿತು. ಲಕ್ಸೆಂಬರ್ಗ್ 1918ರ ಕೊನೆಗೆ ಜರ್ಮನ್ ಸುಂಕ ಒಕ್ಕೂಟದಿಂದ ಹೊರಬಂದು 1921ರಲ್ಲಿ ಬೆಲ್ಜಿಯಂ ಜತೆ ಆರ್ಥಿಕ ಒಕ್ಕೂಟದ ಒಪ್ಪಂದ ಮಾಡಿಕೊಂಡಿತು. ಲೊರೇನ್ ಫ್ರೆಂಚ್ ಸುಂಕದ ಬೇಲಿಯೊಳಗೆ ಸೇರಿತು. ಪರಿಣಾಮವಾಗಿ, ಶೂಮನ್ ಬಾಲ್ಯದಲ್ಲಿ ಸುಂಕವಿಲ್ಲದೆ ದಾಟುತ್ತಿದ್ದ ಎವ್ರಾಂಜ್ ಗಡಿಯಲ್ಲಿಯೇ ಈಗ ಸುಂಕದ ಗೆರೆ ಬಿತ್ತು. ನಾನ್ಸಿ ಮಾರ್ಗದಲ್ಲಿದ್ದ ಗೆರೆ ಅಳಿಯಿತು. ಮೊದಲು ನೆರೆಯ ಊರಾಗಿದ್ದುದು ಪರದೇಶವಾಯಿತು, ಪರದೇಶವಾಗಿದ್ದುದು ನೆರೆಯ ಊರಾಯಿತು. ಹಳ್ಳಿಗಳು ಅಲ್ಲೇ ಇದ್ದವು, ಅಂಗಡಿಗಳು ಅಲ್ಲೇ ಇದ್ದವು. ಯಾವ ಅಂಗಡಿ ಲಾಭಕರ ಎಂಬ ಲೆಕ್ಕ ಮಾತ್ರ ಬದಲಾಯಿತು.

ಸಂಸತ್ತಿನಲ್ಲಿ ಶೂಮನ್ ಕೈಗೊಂಡ ಮೊದಲ ದೊಡ್ಡ ಕಾರ್ಯ ಕಾನೂನಿನದು. ಸುಮಾರು ಅರ್ಧ ಶತಮಾನ ಜರ್ಮನ್ ಆಡಳಿತದಲ್ಲಿದ್ದ ಪ್ರಾಂತಕ್ಕೆ ಫ್ರೆಂಚ್ ಕಾನೂನನ್ನು ಒಮ್ಮೆಗೇ ಹೇರಿದರೆ ಜನಜೀವನ ಅಸ್ತವ್ಯಸ್ತವಾಗುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು. 1924ರ ಕಾಯಿದೆಗಳು ಫ್ರೆಂಚ್ ನಾಗರಿಕ ಹಾಗೂ ವಾಣಿಜ್ಯ ಕಾನೂನನ್ನು ಜಾರಿಗೆ ತಂದರೂ ಅನೇಕ ಸ್ಥಳೀಯ ನಿಯಮಗಳನ್ನು ಉಳಿಸಿಕೊಂಡವು. ಈ ಹೊಂದಾಣಿಕೆಯಲ್ಲಿ ಶೂಮನ್ ಅವರ ಶ್ರಮ ಗಣನೀಯ.

ಹಾಗೆ ಉಳಿದುಬಂದವುಗಳಲ್ಲಿ ಭಾನುವಾರ ಮತ್ತು ಹಬ್ಬದ ದಿನ ಅಂಗಡಿ ಮುಚ್ಚುವ ಕಟ್ಟುನಿಟ್ಟಿನ ನಿಯಮವೂ ಒಂದು. ಜರ್ಮನ್ ಕಾಲದ ಆ ನಿಯಮ ಅಲ್ಸಾಸ್ ಮತ್ತು ಮೋಸೆಲ್ ಪ್ರದೇಶಗಳಲ್ಲಿ ಇಂದಿಗೂ ಜಾರಿಯಲ್ಲಿದ್ದು, ಫ್ರಾನ್ಸಿನ ಇತರ ಭಾಗಗಳಿಗಿಂತ ಬಿಗಿಯಾಗಿದೆ. ಡಿಸೆಂಬರ್ 26 ಸಹ ಅಲ್ಲಿ ರಜಾ ದಿನ. ಗಡಿನಾಡಿನ ಜನ ಪೇಟೆಗೆ ಹೊರಡುವ ಮುನ್ನ ಬೆಲೆಯ ಜತೆಗೆ ಪಂಚಾಂಗವನ್ನೂ ನೋಡುವುದು ಇದೇ ಕಾರಣಕ್ಕೆ. ಅಕ್ಟೋಬರ್ 3ರ ಜರ್ಮನ್ ರಾಷ್ಟ್ರೀಯ ದಿನದಂದು ಜರ್ಮನರು ಫ್ರೆಂಚ್ ಅಂಗಡಿಗಳಿಗೆ ಬರುತ್ತಾರೆ. ಜುಲೈ 14ರ ಫ್ರೆಂಚ್ ರಾಷ್ಟ್ರೀಯ ದಿನದಂದು ಫ್ರೆಂಚರು ಆ ಕಡೆಗೆ ಹೋಗುತ್ತಾರೆ.

ಸೆರೆ ಮತ್ತು ಅಜ್ಞಾತವಾಸ

1940ರಲ್ಲಿ ಶೂಮನ್ ನಿರಾಶ್ರಿತರ ವ್ಯವಹಾರಗಳ ಉಪಸಚಿವರಾಗಿದ್ದರು. ಫ್ರಾನ್ಸ್ ಶರಣಾದ ಬಳಿಕ ಜುಲೈ 10ರಂದು ಮಾರ್ಷಲ್ ಪೆತಾಂ ಅವರಿಗೆ ಪೂರ್ಣಾಧಿಕಾರ ನೀಡುವ ನಿರ್ಣಯಕ್ಕೆ ಮತ ಹಾಕಿದವರಲ್ಲಿ ಅವರೂ ಇದ್ದರು. ಇದು ಅವರ ಸಾರ್ವಜನಿಕ ಜೀವನದ ಕಪ್ಪುಚುಕ್ಕೆಯಾಗಿ ಉಳಿಯಿತು. ಆದರೆ ಆ ಸರ್ಕಾರದಲ್ಲಿ ಅವರು ಮುಂದುವರಿಯಲಿಲ್ಲ. ಸೆಪ್ಟೆಂಬರಿನಲ್ಲಿ ಮೆಟ್ಜ್‌ಗೆ ಮರಳಿದಾಗ ಗೆಸ್ಟಾಪೊ ಅವರನ್ನು ಬಂಧಿಸಿತು. ತಿಂಗಳುಗಟ್ಟಲೆ ಸೆರೆವಾಸದ ನಂತರ ಅವರನ್ನು ಜರ್ಮನಿಯ ನೊಯ್‌ಸ್ಟಾಟ್ ಪಟ್ಟಣದಲ್ಲಿ ಕಣ್ಗಾವಲಿನಲ್ಲಿಡಲಾಯಿತು. 1942ರ ಆಗಸ್ಟಿನಲ್ಲಿ ಅಲ್ಲಿಂದ ತಪ್ಪಿಸಿಕೊಂಡು, ಯುದ್ಧ ಮುಗಿಯುವವರೆಗೂ ಮಠಗಳಲ್ಲಿ, ಪರಿಚಿತರ ಮನೆಗಳಲ್ಲಿ ತಲೆಮರೆಸಿಕೊಂಡು ದಿನ ದೂಡಿದರು.

ಈ ಅವಧಿಯಲ್ಲಿ ಲೊರೇನ್ ಮತ್ತೊಮ್ಮೆ ಜರ್ಮನಿಯ ವಶವಾಗಿ, ಯುದ್ಧಾನಂತರ ಮತ್ತೊಮ್ಮೆ ಫ್ರಾನ್ಸಿಗೆ ಬಂತು. ಶೂಮನ್ ಅವರ ತಂದೆಯ ಕಾಲದಿಂದ ಲೆಕ್ಕ ಹಾಕಿದರೆ, ಎಪ್ಪತ್ತೈದು ವರ್ಷಗಳೊಳಗೆ ಆ ನೆಲದ ಒಡೆತನ ನಾಲ್ಕು ಬಾರಿ ಕೈಬದಲಾಯಿತು.

ಸಾರ್ ಪ್ರಾಂತದ ಪಾಠ

ಯುದ್ಧೋತ್ತರ ಫ್ರಾನ್ಸಿನಲ್ಲಿ ಶೂಮನ್ ಅವರು 1946-47ರಲ್ಲಿ ಹಣಕಾಸು ಸಚಿವರು, 1947ರ ನವೆಂಬರಿನಿಂದ 1948ರ ಜುಲೈವರೆಗೆ ಪ್ರಧಾನಿ, ಅನಂತರ 1953ರ ಆರಂಭದವರೆಗೆ ವಿದೇಶಾಂಗ ಸಚಿವರು. ಪಡಿತರ ಪದ್ಧತಿಯಿದ್ದ ಕಾಲವದು. ಕಲ್ಲಿದ್ದಲಿಗೆ ತೀವ್ರ ಅಭಾವವಿತ್ತು.

ಸಾರ್ ನದಿಯ ಕಣಿವೆಯಲ್ಲಿ ಜರ್ಮನ್ ಭಾಷಿಕರ ಕಲ್ಲಿದ್ದಲು ಪ್ರಾಂತವೊಂದಿತ್ತು. ಫ್ರಾನ್ಸ್ 1946ರ ಡಿಸೆಂಬರಿನಲ್ಲಿ ಆ ಪ್ರಾಂತಕ್ಕೂ ಜರ್ಮನಿಯ ಉಳಿದ ಭಾಗಕ್ಕೂ ನಡುವೆ ಸುಂಕದ ಗಡಿ ಹಾಕಿತು. 1947ರ ನವೆಂಬರಿನಲ್ಲಿ ಅಲ್ಲಿ ಫ್ರಾಂಕ್ ನಾಣ್ಯ ಚಲಾವಣೆಗೆ ಬಂತು. ಸಾರ್ ನಿವಾಸಿಗಳ ಅಂಗಡಿಗಳಲ್ಲಿ ಫ್ರೆಂಚ್ ಸರಕು ತುಂಬಿತು. ಜರ್ಮನ್ ಸರಕು ಬೇಕೆಂದರೆ ಸುಂಕದವರ ಮುಂದೆ ನಿಲ್ಲಬೇಕಾಯಿತು. ವಿದೇಶಾಂಗ ಸಚಿವರಾಗಿ ಶೂಮನ್ ಈ ವ್ಯವಸ್ಥೆಯನ್ನು ಸಮರ್ಥಿಸಬೇಕಾದ ಸ್ಥಾನದಲ್ಲಿದ್ದರು. ಜರ್ಮನಿಯೊಡನೆ ಸ್ನೇಹಕ್ಕೆ ಇದೇ ದೊಡ್ಡ ಅಡ್ಡಿಯೆಂಬುದೂ ಅವರಿಗೆ ತಿಳಿದಿತ್ತು.

ಮುಂದೆ 1955ರ ಅಕ್ಟೋಬರ್ 23ರ ಜನಮತಗಣನೆಯಲ್ಲಿ ಸಾರ್ ಮತದಾರರಲ್ಲಿ ಮೂರರಲ್ಲಿ ಎರಡು ಪಾಲು ಮಂದಿ, ತಮ್ಮ ಪ್ರಾಂತಕ್ಕೆ ಪ್ರತ್ಯೇಕ ಐರೋಪ್ಯ ಸ್ಥಾನಮಾನ ಕೊಡುವ ಪ್ರಸ್ತಾಪವನ್ನು ತಿರಸ್ಕರಿಸಿದರು. 1957ರ ಜನವರಿ 1ರಂದು ಸಾರ್ ಪಶ್ಚಿಮ ಜರ್ಮನಿಗೆ ಸೇರಿತು. ಆದರೆ ನಾಣ್ಯವೂ ಸುಂಕದ ಗಡಿಯೂ ಬದಲಾದದ್ದು 1959ರ ಜುಲೈ 6ರಂದು. ಎರಡೂವರೆ ವರ್ಷ ಕಾಲ ಒಂದು ಪ್ರಾಂತದ ರಾಜಕೀಯ ಜರ್ಮನಿಯಲ್ಲೂ ಜೇಬು ಫ್ರಾನ್ಸಿನಲ್ಲೂ ಇತ್ತು. ಬಲವಂತದ ಒಗ್ಗೂಡಿಕೆ ಬಾಳುವುದಿಲ್ಲ. ಎರಡೂ ಕಡೆಯವರು ಒಪ್ಪಿ ಕಟ್ಟೆ ತೆರೆದರೆ ಮಾತ್ರ ಬಾಳುತ್ತದೆ ಎಂಬುದಕ್ಕೆ ಸಾರ್ ಪ್ರಕರಣಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

ಕಲ್ಲಿದ್ದಲು, ಉಕ್ಕಿನಿಂದ ಆರಂಭ

1950ರ ವಸಂತದಲ್ಲಿ ಯೋಜನಾ ಆಯೋಗದ ಮುಖ್ಯಸ್ಥ ಜೀನ್ ಮೊನೆ ಮತ್ತವರ ಸಹೋದ್ಯೋಗಿಗಳು ಒಂದು ಕರಡನ್ನು ಸಿದ್ಧಪಡಿಸಿದ್ದರು. ಫ್ರಾನ್ಸ್ ಮತ್ತು ಜರ್ಮನಿಯ ಕಲ್ಲಿದ್ದಲು ಹಾಗೂ ಉಕ್ಕಿನ ಉತ್ಪಾದನೆಯನ್ನು ಎರಡೂ ಸರ್ಕಾರಗಳಿಗಿಂತ ಮೇಲಿನ ಒಂದು ಸ್ವತಂತ್ರ ಪ್ರಾಧಿಕಾರಕ್ಕೆ ಒಪ್ಪಿಸಬೇಕೆಂಬುದು ಅದರ ತಿರುಳು. ಶೂಮನ್ ಆ ಕರಡನ್ನು ವಾರಾಂತ್ಯದಲ್ಲಿ ಮೆಟ್ಜ್ ಸಮೀಪದ ಸಿ-ಶಾಜೆಲ್ ಗ್ರಾಮದ ತಮ್ಮ ಮನೆಗೆ ಒಯ್ದು ಓದಿ, ಪ್ಯಾರಿಸ್ಸಿಗೆ ಹಿಂದಿರುಗಿದೊಡನೆ ಅದರ ರಾಜಕೀಯ ಹೊಣೆ ಹೊತ್ತರು. ಜರ್ಮನ್ ಚಾನ್ಸೆಲರ್ ಕೊನ್ರಾಡ್ ಆಡೆನೌರ್ ಅವರ ಒಪ್ಪಿಗೆಯನ್ನು ಗುಪ್ತವಾಗಿ ಪಡೆದು, ಮೇ 9ರಂದು ಪ್ಯಾರಿಸ್ಸಿನಲ್ಲಿ ಪತ್ರಕರ್ತರ ಮುಂದೆ ಯೋಜನೆಯನ್ನು ಪ್ರಕಟಿಸಿದರು.

ಲೊರೇನಿನಲ್ಲಿ ಕಬ್ಬಿಣದ ಅದಿರಿತ್ತು, ರೂರ್ ಮತ್ತು ಸಾರ್ ಪ್ರಾಂತಗಳಲ್ಲಿ ಕಲ್ಲಿದ್ದಲಿತ್ತು. ಒಂದಿಲ್ಲದೆ ಮತ್ತೊಂದು ನಿಷ್ಪ್ರಯೋಜಕ. ಎರಡರ ನಡುವೆ ಸುಂಕದ ಗೋಡೆ ಇರುವವರೆಗೆ ಅದನ್ನು ಯುದ್ಧದಿಂದ ಕೆಡಹುವ ಆಸೆಯೂ ಇರುತ್ತದೆಂಬುದನ್ನು ಗಡಿನಾಡಿನವರಿಗೆ ವಿವರಿಸಬೇಕಾಗಿರಲಿಲ್ಲ. 1951ರ ಏಪ್ರಿಲ್ 18ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್ ಹಾಗೂ ಲಕ್ಸೆಂಬರ್ಗ್ ಪ್ಯಾರಿಸ್ ಒಪ್ಪಂದಕ್ಕೆ ಸಹಿ ಹಾಕಿದವು. ಪ್ರಾಧಿಕಾರದ ಕೇಂದ್ರ ಸ್ಥಾನ ಶೂಮನ್ ಹುಟ್ಟಿದ ಲಕ್ಸೆಂಬರ್ಗ್ ನಗರವೇ ಆಯಿತು. 1953ರ ಫೆಬ್ರವರಿ 10ರಂದು ಕಲ್ಲಿದ್ದಲು ಮತ್ತು ಅದಿರಿಗೆ, ಮೇ 1ರಂದು ಉಕ್ಕಿಗೆ ಆರು ದೇಶಗಳ ಏಕ ಮಾರುಕಟ್ಟೆ ತೆರೆಯಿತು.

ಗೃಹಿಣಿಯ ಚೀಲದಲ್ಲಿ ಇದರಿಂದ ತಕ್ಷಣ ಏನೂ ಬದಲಾಗಲಿಲ್ಲ. ಉಕ್ಕಿನ ತೊಲೆ ಸುಂಕವಿಲ್ಲದೆ ಗಡಿ ದಾಟಿತು, ಆದರೆ ಕಾಫಿ ಪೊಟ್ಟಣಕ್ಕೆ ಆ ಭಾಗ್ಯ ಇರಲಿಲ್ಲ. 1957ರ ರೋಮ್ ಒಪ್ಪಂದವು ಎಲ್ಲ ಸರಕುಗಳ ಮೇಲಿನ ಆಂತರಿಕ ಸುಂಕವನ್ನು ಹಂತಹಂತವಾಗಿ ಇಳಿಸುವ ಕ್ರಮವನ್ನು ಗೊತ್ತುಪಡಿಸಿತು. 1958ರಿಂದ 1960ರವರೆಗೆ ಶೂಮನ್ ಐರೋಪ್ಯ ಸಂಸದೀಯ ಸಭೆಯ ಪ್ರಥಮ ಅಧ್ಯಕ್ಷರಾಗಿದ್ದರು. ಆರೋಗ್ಯ ಕೆಟ್ಟು ಸಿ-ಶಾಜೆಲ್ ಮನೆಗೆ ಹಿಂದಿರುಗಿದ ಅವರು 1963ರ ಸೆಪ್ಟೆಂಬರ್ 4ರಂದು, 77ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ಆರು ದೇಶಗಳ ನಡುವಿನ ಸುಂಕ ಸಂಪೂರ್ಣ ರದ್ದಾದ 1968ರ ಜುಲೈ 1ನ್ನು ಅವರು ನೋಡಲಿಲ್ಲ.

ವೈಯಕ್ತಿಕವಾಗಿ ಅವರು ಸರಳಜೀವಿ. ಸಚಿವಾಲಯದಲ್ಲಿ ಖಾಲಿ ಕೋಣೆಗಳ ದೀಪ ಆರಿಸುವ ಅವರ ಅಭ್ಯಾಸ ಪ್ರಸಿದ್ಧವಾಗಿತ್ತು. ಹಳೆಯ ಪುಸ್ತಕ ಮತ್ತು ಹಸ್ತಪ್ರತಿಗಳ ಸಂಗ್ರಹವೊಂದೇ ಅವರಿಗಿದ್ದ ದುಬಾರಿ ಹವ್ಯಾಸ.

ಸುಂಕ ಹೋಯಿತು, ತೆರಿಗೆ ಉಳಿಯಿತು

ಸುಂಕ ರದ್ದಾದರೂ ಗಡಿಯ ತಪಾಸಣೆ ನಿಲ್ಲಲಿಲ್ಲ. ಪ್ರತಿ ದೇಶದ ಮಾರಾಟ ತೆರಿಗೆ ಬೇರೆಯಾದುದರಿಂದ ಪ್ರಯಾಣಿಕನ ಚೀಲಕ್ಕೆ ಮಿತಿ ಇತ್ತು. 1984ರ ಜುಲೈನಲ್ಲಿ ಫ್ರಾನ್ಸ್ ಮತ್ತು ಜರ್ಮನಿ ಸಾರ್‌ಬ್ರೂಕೆನ್ ನಗರದಲ್ಲಿ ತಪಾಸಣೆ ಸಡಿಲಿಸುವ ಒಪ್ಪಂದಕ್ಕೆ ಬಂದವು. ಸಾರ್ ಪ್ರಾಂತದ ರಾಜಧಾನಿಯೇ ಅದಕ್ಕೆ ವೇದಿಕೆಯಾಯಿತು. 1985ರ ಜೂನ್ 14ರಂದು ಮೋಸೆಲ್ ದಡದ ಶೆಂಗನ್ ಗ್ರಾಮದ ಬಳಿ, ಹಡಗೊಂದರಲ್ಲಿ, ಐದು ದೇಶಗಳು ಗಡಿ ತಪಾಸಣೆ ಕೈಬಿಡುವ ಒಪ್ಪಂದಕ್ಕೆ ಸಹಿ ಹಾಕಿದವು. ಅದು ಆಚರಣೆಗೆ ಬಂದದ್ದು 1995ರ ಮಾರ್ಚ್ 26ರಂದು.

ಅದಕ್ಕೂ ಮುನ್ನ 1993ರ ಜನವರಿ 1ರಂದು ಜನಸಾಮಾನ್ಯರ ಪೇಟೆಯನ್ನೇ ಬದಲಿಸಿದ ನಿಯಮ ಬಂತು. ಸ್ವಂತ ಬಳಕೆಗೆ ಕೊಳ್ಳುವವನು ಕೊಂಡ ದೇಶದ ತೆರಿಗೆ ಕೊಟ್ಟರೆ ಸಾಕು, ಮನೆಯ ದೇಶದಲ್ಲಿ ಮತ್ತೆ ಕೊಡಬೇಕಿಲ್ಲ. ಹೊಸ ಕಾರು ಇದಕ್ಕೆ ಹೊರತು. 2002ರ ಆರಂಭದಲ್ಲಿ ಯೂರೋ ನೋಟು ಕೈಗೆ ಬಂದ ಮೇಲೆ ನಾಣ್ಯ ವಿನಿಮಯದ ತೊಡಕೂ ತಪ್ಪಿತು. ಬೆಲೆಗಳನ್ನು ಹೋಲಿಸಲು ಲೆಕ್ಕ ಹಾಕಬೇಕಾದ ಅಗತ್ಯವೇ ಉಳಿಯಲಿಲ್ಲ.

ಆದರೆ ತೆರಿಗೆಯ ದರಗಳು ಒಂದಾಗಲಿಲ್ಲ. ಸಾಮಾನ್ಯ ಮೌಲ್ಯವರ್ಧಿತ ತೆರಿಗೆ ಲಕ್ಸೆಂಬರ್ಗಿನಲ್ಲಿ ಶೇ. 17, ಜರ್ಮನಿಯಲ್ಲಿ ಶೇ. 19, ಫ್ರಾನ್ಸಿನಲ್ಲಿ ಶೇ. 20, ಬೆಲ್ಜಿಯಂನಲ್ಲಿ ಶೇ. 21. ಇಂಧನ, ತಂಬಾಕು ಮತ್ತು ಮದ್ಯದ ಮೇಲಿನ ಅಬಕಾರಿ ಸುಂಕದಲ್ಲಿ ಅಂತರ ಇನ್ನೂ ಹೆಚ್ಚು. ಲಕ್ಸೆಂಬರ್ಗಿನ ಗಡಿಯುದ್ದಕ್ಕೂ ಪೆಟ್ರೋಲ್ ಬಂಕ್‌ಗಳ ಸಾಲು ಎದ್ದು ನಿಂತದ್ದು ಇದರಿಂದಲೇ. ಬೆಲ್ಜಿಯಂ ಗಡಿಯ ಮಾರ್ಟೆಲಾಂಜ್‌ನಲ್ಲಿ ರಸ್ತೆಯ ಒಂದು ಬದಿಯಲ್ಲಿ ಬೆಲ್ಜಿಯಂನ ಮನೆಗಳಿದ್ದರೆ ಎದುರು ಬದಿಯಲ್ಲಿ ಲಕ್ಸೆಂಬರ್ಗಿನ ಬಂಕ್‌ಗಳಿವೆ. ಶೆಂಗನ್ ಗ್ರಾಮವೂ ಇದಕ್ಕೆ ಹೊರತಲ್ಲ. ಗಡಿ ತೆರೆದ ಒಪ್ಪಂದಕ್ಕೆ ಹೆಸರಾದ ಊರಿನಲ್ಲಿ ಗಡಿಯ ಬೆಲೆ ವ್ಯತ್ಯಾಸವನ್ನೇ ನಂಬಿದ ವ್ಯಾಪಾರ ನಡೆಯುತ್ತಿದೆ.

ಇದೇ ವೈಚಿತ್ರ್ಯ. ಗಡಿ ಸಂಪೂರ್ಣ ಮುಚ್ಚಿದ್ದರೆ ಈ ವ್ಯಾಪಾರ ಇರುತ್ತಿರಲಿಲ್ಲ. ಗಡಿ ಸಂಪೂರ್ಣ ಅಳಿದಿದ್ದರೂ ಇರುತ್ತಿರಲಿಲ್ಲ. ಅರ್ಧ ತೆರೆದ ಬಾಗಿಲಿನ ಸಂದಿಯಲ್ಲಿ ಹುಟ್ಟಿದ ಸಂತೆ ಇದು.

ಲಾಭದ ಜತೆ ನಷ್ಟವೂ ಇದೆ. ಫ್ರಾನ್ಸ್ ಸಿಗರೇಟಿನ ತೆರಿಗೆ ಏರಿಸಿದಾಗಲೆಲ್ಲ ಅದರ ಗಡಿ ಜಿಲ್ಲೆಗಳ ತಂಬಾಕು ಅಂಗಡಿಗಳು ಗಿರಾಕಿಗಳನ್ನು ಕಳೆದುಕೊಂಡವು. ಸ್ಟ್ರಾಸ್‌ಬರ್ಗ್ ಎದುರಿನ ಜರ್ಮನ್ ಪಟ್ಟಣ ಕೇಲ್‌ನಲ್ಲಿ ಅಂತಹ ಅಂಗಡಿಗಳು ಹೆಚ್ಚಿದವು. 2017ರಲ್ಲಿ ಸ್ಟ್ರಾಸ್‌ಬರ್ಗಿನ ಟ್ರಾಮ್ ರೈನ್ ನದಿ ದಾಟಿ ಅಲ್ಲಿಗೇ ತಲಪಿತು. ಫ್ರಾನ್ಸ್ 2020ರಲ್ಲಿ ಹೊರಗಿನಿಂದ ತರಬಹುದಾದ ಸಿಗರೇಟಿನ ಮಿತಿಯನ್ನು 200ಕ್ಕೆ ಇಳಿಸಿತು. ಐರೋಪ್ಯ ನಿಯಮಕ್ಕೆ ಅದು ವಿರುದ್ಧವೆಂದು ನ್ಯಾಯಾಲಯ ತೀರ್ಪಿತ್ತುದರಿಂದ 2024ರಲ್ಲಿ ಮತ್ತೆ 800ಕ್ಕೆ ಏರಿಸಬೇಕಾಯಿತು. ಸಾರ್ವಜನಿಕ ಆರೋಗ್ಯದ ಕಾಳಜಿ ಒಂದೆಡೆ, ಮುಕ್ತ ಮಾರುಕಟ್ಟೆಯ ವಚನ ಇನ್ನೊಂದೆಡೆ. ಇವೆರಡರ ಜಗಳದಲ್ಲಿ ನಡುವೆ ಸಿಕ್ಕಿಕೊಂಡವನು ಗಡಿಯ ಸಣ್ಣ ಅಂಗಡಿಕಾರ.

ಬಾಗಿಲು ಮತ್ತೆ ಮುಚ್ಚಿದ ದಿನ

ಶೂಮನ್ ಒಗ್ಗೂಡಿಸಿದ ಉದ್ಯಮಗಳು ಇಂದು ಆ ಭಾಗದಲ್ಲಿ ಬಹುಮಟ್ಟಿಗೆ ಗತವೈಭವ. ಲೊರೇನಿನ ಕೊನೆಯ ಕಬ್ಬಿಣದ ಗಣಿ 1997ರಲ್ಲಿ, ಕೊನೆಯ ಕಲ್ಲಿದ್ದಲು ಗಣಿ 2004ರಲ್ಲಿ ಮುಚ್ಚಿದವು. ಕಲ್ಲಿದ್ದಲು ಮತ್ತು ಉಕ್ಕಿನ ಸಮುದಾಯದ ಒಪ್ಪಂದವೂ ಐವತ್ತು ವರ್ಷ ತುಂಬಿ 2002ರ ಜುಲೈ 23ರಂದು ಕೊನೆಗೊಂಡಿತು. ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಈಗ ಉದ್ಯೋಗಕ್ಕೆ ಗಡಿ ದಾಟುತ್ತಾರೆ. ನೆರೆಯ ಮೂರು ದೇಶಗಳಿಂದ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಲಕ್ಸೆಂಬರ್ಗಿನ ಉದ್ಯೋಗದಲ್ಲಿದ್ದು, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಫ್ರಾನ್ಸಿನವರು. ಸಂಜೆ ಮನೆಗೆ ಮರಳುವ ದಾರಿಯಲ್ಲಿ ಪೆಟ್ರೋಲ್, ದಿನಸಿ ಕೊಳ್ಳುವುದು ಅವರ ವಾಡಿಕೆ. ಸಂಬಳ ಒಂದು ದೇಶದಲ್ಲಿ, ಮನೆ ಇನ್ನೊಂದರಲ್ಲಿ, ಖರ್ಚು ಮೂರರಲ್ಲಿ.

ಈ ಬದುಕು ಎಷ್ಟು ಸೂಕ್ಷ್ಮವೆಂಬುದು 2020ರ ಮಾರ್ಚ್ 16ರಂದು ತಿಳಿಯಿತು. ಕೊರೋನಾ ಸೋಂಕಿನ ಭೀತಿಯಿಂದ ಜರ್ಮನಿ ಫ್ರಾನ್ಸ್ ಮತ್ತು ಲಕ್ಸೆಂಬರ್ಗ್ ಗಡಿಗಳಲ್ಲಿ ತಪಾಸಣೆ ಆರಂಭಿಸಿತು. ಸಣ್ಣ ದಾರಿಗಳಿಗೆ ಅಡ್ಡಗಟ್ಟಲಾಯಿತು. ಕೆಲಸಕ್ಕೆ ಹೋಗುವವರಿಗೆ ಅನುಮತಿ ಇತ್ತು. ಅಂಗಡಿಗೆ ಹೋಗುವವರಿಗೆ ಇರಲಿಲ್ಲ. ಪ್ರತಿವಾರ ಹೋಗುತ್ತಿದ್ದ ಪೇಟೆ ಸೇತುವೆಯಾಚೆ ಕಾಣುತ್ತಿತ್ತು, ಆದರೆ ಹೋಗುವಂತಿರಲಿಲ್ಲ. ಲಕ್ಸೆಂಬರ್ಗಿನೊಡನೆ ಮೇ ಮಧ್ಯಭಾಗದಲ್ಲೂ ಫ್ರಾನ್ಸಿನೊಡನೆ ಜೂನ್ ಮಧ್ಯಭಾಗದಲ್ಲೂ ನಿರ್ಬಂಧ ತೆರವಾಯಿತು. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ಅಕ್ರಮ ವಲಸೆಯ ಕಾರಣ ನೀಡಿ ತನ್ನ ಎಲ್ಲ ಭೂಗಡಿಗಳಿಗೂ ತಪಾಸಣೆಯನ್ನು ವಿಸ್ತರಿಸಿತು. ಸರಕಿಗೆ ಸುಂಕವಿಲ್ಲ, ಆದರೆ ಸೇತುವೆಯ ಮೇಲೆ ಪೊಲೀಸರು ವಾಹನ ತಡೆದರೆ ಪೇಟೆಗೆ ಹೊರಟವನಿಗೂ ತಡವಾಗುತ್ತದೆ.

ಶೂಮನ್ ಅವರ ಸಮಾಧಿ ಸಿ-ಶಾಜೆಲ್‌ನ ಅವರ ಮನೆಯ ಎದುರಿನ ಪುರಾತನ ಚರ್ಚಿನಲ್ಲಿದೆ. ಅವರ ಪ್ರಕಟಣೆಯ ದಿನವಾದ ಮೇ 9ನ್ನು ಐರೋಪ್ಯ ಒಕ್ಕೂಟ ಯುರೋಪ್ ದಿನವಾಗಿ ಆಚರಿಸುತ್ತದೆ. 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಪೂಜ್ಯರೆಂದು ಘೋಷಿಸಿದರು. ಈ ಗೌರವಗಳಿಗಿಂತ ಮಿಗಿಲಾದ ಸ್ಮಾರಕವೊಂದು ಅವರ ತಂದೆಯ ಊರಿನ ಅಂಚಿನಲ್ಲಿದೆ. ಶೂಮನ್ ಹುಟ್ಟಿದಾಗ ಎವ್ರಾಂಜ್ ಗಡಿಯಲ್ಲಿ ಸುಂಕವಿರಲಿಲ್ಲ, ಅವರ ಮೂವತ್ತನೆಯ ವಯಸ್ಸು ಕಳೆದ ಮೇಲೆ ಬಂತು, ಅವರು ತೀರಿಕೊಂಡ ಐದು ವರ್ಷಗಳ ಬಳಿಕ ಹೋಯಿತು. ಎರಡನೆಯ ಬಾರಿ ಅದು ಹೋದದ್ದು ಯಾವ ಸೈನ್ಯದ ಗೆಲುವಿನಿಂದಲೂ ಅಲ್ಲ, ನೆರೆಹೊರೆಯವರ ಒಪ್ಪಿಗೆಯಿಂದ. ಒಪ್ಪಿಗೆಯಿಂದ ತೆರೆದ ಕಟ್ಟೆಯನ್ನು ತೆರೆದೇ ಇಡಲು ಪ್ರತಿ ತಲೆಮಾರೂ ಮತ್ತೆ ಒಪ್ಪಬೇಕಾಗುತ್ತದೆ.